ಹೊಳೆದಂಡೆಯಲ್ಲಿ ಸ್ಪೀಕರಿನ ಹಾವಳಿ

ಯುಗಾದಿಯ ಆಸುಪಾಸಿನಲ್ಲಿ ತುಂಗಭದ್ರೆಯ ನೀರು ಇಳಿದು ಬಂಡೆಗಳೂ ಮರಳದಿಬ್ಬಗಳೂ ಮೇಲೆದ್ದಾಗ, ಕಂಪ್ಲಿಯ ದಂಡೆಯಲ್ಲಿ ಬೆಳಗಿನ ಹೊತ್ತು ಹಕ್ಕಿ, ಪ್ರಾಣಿಗಳನ್ನು ನೋಡುತ್ತ ನಡೆಯುವುದು ನನ್ನ ಪಾಲಿಗೆ ದೊಡ್ಡ ಸುಖ. ಆದರೆ ಈಚೆಗೆ ಅಲ್ಲಿ ಮಿಂಚುಳ್ಳಿಯ ಕೂಗಿಗಿಂತ ಮೊದಲು ಕಿವಿಗೆ ಬೀಳುವುದು ಯಾರದೋ ಬ್ಲೂಟೂತ್ ಸ್ಪೀಕರಿನ ಅಬ್ಬರ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ನದಿಪಾತ್ರವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಗುಂಪುಗೂಡಿ ಮೀನು ಹಿಡಿಯುವ ಈ ಪ್ರಾಣಿ ಗದ್ದಲಕ್ಕೆ ಬೆದರಿ ನೀರಿನಲ್ಲಿ ಮುಳುಗಿ ಮರೆಯಾಗುತ್ತದೆ. ಹಾಡು ಹಚ್ಚಿದವರೇ ಆಮೇಲೆ, "ಇಲ್ಲಿ ಏನೂ ಕಾಣಂಗಿಲ್ಲ ಬಿಡ್ರಿ" ಎಂದು ಗೊಣಗುತ್ತಾರೆ. ಇದಕ್ಕಿಂತ ನನ್ನನ್ನು ಕೆರಳಿಸುವುದು, ಸೆಲ್ಫಿಗಾಗಿ ಮರಳದಿಬ್ಬಗಳಿಗೇ ನುಗ್ಗುವ ಗುಂಪು. ನದಿ ರೀವ (ರಿವರ್ ಟರ್ನ್) ಹಕ್ಕಿಗಳು ಇದೇ ದಿನಗಳಲ್ಲಿ ಬರಿಯ ಮರಳಿನ ತಗ್ಗಿನಲ್ಲಿ ಮೊಟ್ಟೆಯಿಡುತ್ತವೆ. ತಾಯಿಹಕ್ಕಿ ಹೆದರಿ ಎದ್ದುಹೋದರೆ, ಮನುಷ್ಯರೇ ತಾಳಲಾರದ ನಮ್ಮ ಬಳ್ಳಾರಿ ಸೀಮೆಯ ಬಿಸಿಲಿಗೆ ಆ ಮೊಟ್ಟೆಗಳು ಬೇಯುತ್ತವೆ, ಇಲ್ಲವೇ ಕಾಗೆಯ ಬಾಯಿಗೆ ಬೀಳುತ್ತವೆ. ಸದ್ದು ತಗ್ಗಿಸಿರೆಂದು ವಿನಯದಿಂದ ಕೇಳಿದರೆ, "ಹೊಳಿ ನಿಮ್ಮದೇನ್ರೀ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ನನ್ನದಲ್ಲ, ನಿಜ, ಆದರೆ ಹಾಡಿಲ್ಲದೆ ಹೆಜ್ಜೆಯಿಡಲಾಗದವರು ಕಿವಿಗೆ ಇಯರ್‌ಫೋನನ್ನಾದರೂ ಸಿಕ್ಕಿಸಿಕೊಳ್ಳಬಾರದೇ?