ಕಾಳಿ ಅಳಿವೆ ಪರದೆಯ ಮೇಲೆ ಎಷ್ಟು ನಿಜವಾಗಿರಬೇಕು?

ಪ್ರಶ್ನೆ: ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಅಭ್ಯಾಸ ಮಾಡುವವರು ದೃಶ್ಯದ ಸೆಟ್ಟಿಂಗುಗಳನ್ನು ಯಂತ್ರ ತಾಳುವಷ್ಟೂ ಏರಿಸಿಕೊಳ್ಳಬೇಕೆ? ಹೌದು ಎನ್ನುವವರು ಕಾರವಾರದವರು. ಬೇಡ ಎನ್ನುವವರು ಶಿರಸಿಯವರು.

ಪರ: ನೆಲ ಕಾಣದೆ ಹಾರುವುದು ಕಲಿಯಲಾಗದು

ಕೋಡಿಬಾಗದಲ್ಲಿ ನಿಂತು ಉತ್ತರಕ್ಕೆ ನೋಡಿದರೆ ಕಾಳಿ ನದಿಯ ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ, ಎಡಗಡೆ ಅಳಿವೆ, ಅದರಾಚೆ ಸಮುದ್ರದಲ್ಲಿ ಕೂರ್ಮಗಡ. ಹುಟ್ಟಿದಾಗಿನಿಂದ ನೋಡುತ್ತ ಬಂದ ನೋಟ. ಆದರೆ ಸಿಮ್ಯುಲೇಟರಿನಲ್ಲಿ ಮೊದಲ ಸಲ ಗೋವಾದ ದಾಬೋಲಿಂನಿಂದ ಸೆಸ್ನಾ 172 ಎಂಬ ಒಂದು ಚಿಕ್ಕ ವಿಮಾನ ಎಬ್ಬಿಸಿಕೊಂಡು ಕರಾವಳಿ ಹಿಡಿದು ದಕ್ಷಿಣಕ್ಕೆ ಬಂದಾಗ ನನ್ನೂರು ನನಗೆ ಗುರುತೇ ಸಿಗಲಿಲ್ಲ. ಹಳೆಯ ಕಂಪ್ಯೂಟರು, ಎಲ್ಲ ಸೆಟ್ಟಿಂಗೂ ತಳಕ್ಕೆ ಇಳಿಸಿದ್ದೆ. ಒಂದು ನೀಲಿ ಪಟ್ಟಿ ಬಂತು, ಹೋಯಿತು. ಅದೇ ಕಾಳಿ ಎಂದು ತಿಳಿದದ್ದು ನಕಾಶೆ ತೆರೆದ ಮೇಲೆ. ಅಷ್ಟರಲ್ಲಿ ನಾನು ಗಂಗಾವಳಿಯ ಮೇಲಿದ್ದೆ.

ನನ್ನ ವಾದವೆಲ್ಲ ಈ ಒಂದು ಹಾರಾಟದಲ್ಲಿಯೇ ಇದೆ. ಕಣ್ಣಿನ ಗುರುತು ಹಿಡಿದು ಹಾರುವುದಕ್ಕೆ ಪೈಲಟ್‌ಗಳು ವಿಎಫ್‌ಆರ್ ಎನ್ನುತ್ತಾರೆ. ಹೊಸಬರು ಮೊದಲು ಕಲಿಯುವುದು ಅದನ್ನೇ. ನಮ್ಮ ಕರಾವಳಿ ಅದಕ್ಕೆ ಹೇಳಿ ಮಾಡಿಸಿದ ಪಾಠ. ಉತ್ತರದಿಂದ ದಕ್ಷಿಣಕ್ಕೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂದು ನಾಲ್ಕು ನದಿಗಳು ಸಮುದ್ರ ಸೇರುತ್ತವೆ. ದೃಶ್ಯ ಒರಟಾಗಿದ್ದರೆ ನಾಲ್ಕೂ ಒಂದೇ ಥರ, ನಾಲ್ಕು ನೀಲಿ ಪಟ್ಟಿ. ವಿವರ ತುಂಬಿದಾಗ ಒಂದೊಂದಕ್ಕೂ ಅದರದೇ ಮುಖ. ಕಾಳಿಯ ಬಾಯಲ್ಲಿ ಗುಡ್ಡ ಮತ್ತು ದ್ವೀಪ. ಅಘನಾಶಿನಿಯ ಎರಡೂ ಬದಿಗೆ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳ ಏರಿಗಳು ಬಲೆ ಹಾಸಿದಂತೆ ಕಾಣುತ್ತವೆ. ಹೊನ್ನಾವರದಲ್ಲಿ ಶರಾವತಿಯ ಮೇಲೆ ಕೊಂಕಣ ರೈಲಿನ ಅತಿ ಉದ್ದದ ಸೇತುವೆ, ಎರಡು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು. ಇಷ್ಟನ್ನು ಕಣ್ಣು ಹಿಡಿದರೆ ಜಿಪಿಎಸ್ ಆರಿಸಿಯೂ ಭಟ್ಕಳ ಮುಟ್ಟಬಹುದು. ನಾನು ಮುಟ್ಟಿದ್ದೇನೆ, ದಿಕ್ಸೂಚಿ ಮತ್ತು ಗಡಿಯಾರ ಎರಡನ್ನೇ ಇಟ್ಟುಕೊಂಡು.

ಇಂಥ ನೋಟ ಹಿಂದೆ ಸಿಗುತ್ತಿರಲಿಲ್ಲ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿನ 1982ರ ಮೊದಲ ಆವೃತ್ತಿಯಲ್ಲಿ ನೆಲವೆಂದರೆ ಬಣ್ಣದ ಬಯಲು, ಮೇಲೆ ಕೆಲವು ಗೆರೆ. 2020ರ ಆವೃತ್ತಿ ಬಿಂಗ್ ನಕ್ಷೆಯ ಉಪಗ್ರಹ ಚಿತ್ರಗಳನ್ನು ಅಂತರ್ಜಾಲದಿಂದ ಎಳೆದು ತಂದು ಇಡೀ ಭೂಮಿಯನ್ನೇ ಹಾಸಿತು. ಯಾರೂ ಕೈಯಿಂದ ಕಟ್ಟಿಕೊಡದ ನಮ್ಮ ಮಾಜಾಳಿ, ಬಿಣಗಾ, ಅರ್ಗಾಗಳೂ ಅದರಲ್ಲಿ ಬಂದವು. ಅದನ್ನು ಮತ್ತೆ ತಳದ ಸೆಟ್ಟಿಂಗಿಗೆ ಇಳಿಸಿ ಕೆಸರು ಬಣ್ಣದ ಕಲೆ ಮಾಡಿಕೊಂಡು ಹಾರುವುದರಲ್ಲಿ ಏನು ಲಾಭ?

ಇಳಿಯುವಾಗಲಂತೂ ಚಿತ್ರವೇ ಗುರು. ರನ್‌ವೇ ಪಕ್ಕದ ನಾಲ್ಕು ‘ಪಾಪಿ’ (PAPI) ದೀಪಗಳಲ್ಲಿ ಎರಡು ಬಿಳಿ, ಎರಡು ಕೆಂಪು ಕಂಡರೆ ಇಳಿಯುವ ಕೋನ ಸರಿ. ಮೂರು ಬಿಳಿಯಾದರೆ ಎತ್ತರ ಹೆಚ್ಚು, ಮೂರು ಕೆಂಪಾದರೆ ಕಡಿಮೆ. ದೂರದಿಂದ ಆ ದೀಪಗಳು ಕಲಸಿ ಒಂದೇ ಚುಕ್ಕೆಯಾದರೆ ಅವು ಇದ್ದೂ ಇಲ್ಲದ ಹಾಗೆ. ಕೊನೆಯ ಕ್ಷಣದಲ್ಲಿ ಮೂಗು ಎತ್ತಬೇಕಾದ ಹೊತ್ತನ್ನು ಹೇಳುವುದು ರನ್‌ವೇಯ ಮೈ: ಡಾಂಬರಿನ ಒರಟು, ಟೈರಿನ ಕಪ್ಪು ಗುರುತು, ಅಂಚಿನ ಹುಲ್ಲು ಹಿಂದೆ ಸರಿಯುವ ವೇಗ. ಬೋಳು ಬೂದು ಪಟ್ಟಿಯ ಮೇಲೆ ಎತ್ತರ ಅಂದಾಜಿಸಲು ಕಣ್ಣಿಗೆ ಏನೂ ಸಿಗುವುದಿಲ್ಲ. ಅದಕ್ಕೇ ನಿಶ್ಚಲ ನೀರಿನ ಮೇಲೆ ಇಳಿಯುವುದು ಸಮುದ್ರ ವಿಮಾನದವರಿಗೂ ಕಷ್ಟ. ರಾತ್ರಿ ದಾಬೋಲಿಂಗೆ ಪಡುವಣದಿಂದ, ಅಂದರೆ ಕಡಲ ಮೇಲಿಂದ ಬಂದು ನೋಡಿ. ಕೆಳಗೆ ಒಂದೂ ದೀಪವಿಲ್ಲದ ಕತ್ತಲು, ಮುಂದೆ ರನ್‌ವೇ ದೀಪಗಳು ಮಾತ್ರ. ಇಂಥಲ್ಲಿ ಕಣ್ಣು ಮೋಸಹೋಗಿ ಪೈಲಟ್‌ಗಳು ಬೇಕಾದ್ದಕ್ಕಿಂತ ಕೆಳಗೆ ಇಳಿದುಬಿಡುತ್ತಾರೆ. ಈ ಭ್ರಮೆಯನ್ನು ಮನೆಯಲ್ಲಿ ಕುಳಿತು ಅನುಭವಿಸಬೇಕಾದರೆ ಕತ್ತಲು ಕತ್ತಲಾಗಿಯೇ ಇರಬೇಕು, ದೀಪ ದೀಪದಂತೆಯೇ ಉರಿಯಬೇಕು.

ಚಿತ್ರ ಬರೀ ಅಲಂಕಾರ ಎನ್ನುವವರು ವಿಮಾನ ಕಂಪನಿಗಳ ತರಬೇತಿ ಯಂತ್ರಗಳನ್ನು ನೆನೆಯಲಿ. ಅಮೆರಿಕದ ನಿಯಮದಲ್ಲಿ ಎಲ್ಲಕ್ಕಿಂತ ಮೇಲಿನ ‘ಲೆವೆಲ್ ಡಿ’ ದರ್ಜೆ ಸಿಗಬೇಕಾದರೆ ಹೊರನೋಟ ಅಡ್ಡಕ್ಕೆ ಕನಿಷ್ಠ 176 ಡಿಗ್ರಿ ಹರಡಿರಬೇಕು, ಲಂಬಕ್ಕೆ 36. ಬೇಡದ ವಿಷಯಕ್ಕೆ ಅಷ್ಟು ಕಟ್ಟುನಿಟ್ಟು ಯಾರೂ ಮಾಡುವುದಿಲ್ಲ.

ಇನ್ನು ಮಳೆಗಾಲ. ಜುಲೈಯಲ್ಲಿ ಅಂಕೋಲೆಯಿಂದ ಮೂಡಣಕ್ಕೆ ತಿರುಗಿದರೆ ಘಟ್ಟದ ಎದೆಗೆ ಮೋಡ ಗೋಡೆಯಂತೆ ಒರಗಿರುತ್ತದೆ. ಮೋಡದ ಗುಣಮಟ್ಟ ಏರಿಸಿಟ್ಟರೆ ಅದರ ಅಡಿ ಎಲ್ಲಿ ಗುಡ್ಡಕ್ಕೆ ತಾಗಿದೆ, ಎಲ್ಲಿ ಸಂದು ಇದೆ, ಆ ಸಂದಿನ ಹಿಂದೆ ಮಳೆಯ ತೆರೆ ಇಳಿಯುತ್ತಿದೆಯೆ ಎಂಬುದು ಕಾಣುತ್ತದೆ. ಹಿಂದೆ ತಿರುಗುವ ನಿರ್ಧಾರ ಹುಟ್ಟುವುದು ಆ ನೋಟದಿಂದ. ತಳದ ಸೆಟ್ಟಿಂಗಿನಲ್ಲಿ ಅದೇ ಮೋಡ ಹರಳು ಹರಳಾದ ಹೊಗೆ. ಅದನ್ನು ನೋಡಿ ಯಾರಿಗೂ ಭಯವಾಗುವುದಿಲ್ಲ, ಭಯವಾಗಬೇಕು.

ಎಲ್ಲವನ್ನೂ ಒಟ್ಟಿಗೆ ತುದಿಗೆ ಏರಿಸಿ ಎಂದು ನಾನು ಹೇಳುತ್ತಿಲ್ಲ. ನೆರಳು, ನೀರಿನ ಪ್ರತಿಬಿಂಬ, ರಸ್ತೆಯ ವಾಹನಗಳನ್ನು ತಗ್ಗಿಸಿ, ಉಳಿದ ಶಕ್ತಿಯನ್ನು ನೆಲದ ವಿವರ, ಮೋಡ, ದೂರದ ನೋಟಕ್ಕೆ ಸುರಿಯಿರಿ.

ನಮ್ಮ ಜಿಲ್ಲೆಯಲ್ಲಿ ಇವತ್ತಿಗೂ ಪ್ರಯಾಣಿಕರ ವಿಮಾನ ಇಳಿಯುವುದಿಲ್ಲ. ಇಲ್ಲಿನ ಮಕ್ಕಳು ಹತ್ತಿರದಿಂದ ನೋಡುವ ವಿಮಾನವೆಂದರೆ ಟಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ನೌಕಾಪಡೆಯ ನಿವೃತ್ತ ಟುಪೊಲೆವ್ 142. ಅಂಥ ಊರಿನ ಹುಡುಗಿಯೊಬ್ಬಳು ನಮ್ಮ ಮನೆಯಲ್ಲಿ ಪರದೆಯ ಮುಂದೆ ಕುಳಿತು, ಎರಡು ಸಾವಿರ ಅಡಿಯಿಂದ ಕೆಳಗೆ ನೋಡಿ, “ಕಾಕಾ, ನಮ್ಮ ಶಾಲೆ!” ಎಂದು ಕೂಗಿದಳು. ಅಲ್ಲಿಂದ ಹದಿನೈದು ನಿಮಿಷ ಅವಳು ಶಾಲೆಯ ಸುತ್ತ ವಿಮಾನವನ್ನು ಒಂದೇ ಎತ್ತರದಲ್ಲಿ ತಿರುಗಿಸಿದಳು. ಮಟ್ಟ ಕೆಡದೆ ತಿರುಗುವುದನ್ನು ನಾನು ಬಾಯಲ್ಲಿ ಹೇಳಿ ವಾರಗಟ್ಟಲೆ ಕಲಿಸಲು ಆಗಿರಲಿಲ್ಲ.

ವಿರೋಧ: ಚಂದದ ಚಿತ್ರ ಕೈಯನ್ನು ಕೆಡಿಸುತ್ತದೆ

ಕಾರವಾರದವರು ಮೋಡದ ಬಗ್ಗೆ ಹೇಳಿದ್ದನ್ನು ನಾನು ಒಪ್ಪುತ್ತೇನೆ. ದೇವಿಮನೆ ಘಟ್ಟದಲ್ಲಿ ಮಳೆಗಾಲದ ಮಧ್ಯಾಹ್ನ ಬೈಕಿನಲ್ಲಿ ಇಳಿದವರಿಗೆಲ್ಲ ಆ ಮೋಡ ಗೊತ್ತು. ಉಳಿದದ್ದಕ್ಕೆ ನನ್ನ ತಕರಾರಿದೆ. ಅದು ಹುಟ್ಟಿದ್ದು ಇಬ್ಬರು ಹುಡುಗರಿಗೆ ಮನೆಯಲ್ಲಿ ಕಲಿಸಲು ಕುಳಿತಾಗ.

ಹಿರಿಯವನು ಪೈಲಟ್ ಆಗಬೇಕೆಂದು ಹಟ ಹಿಡಿದವನು. ಸೆಟ್ಟಿಂಗ್ ಎಲ್ಲ ತುದಿಯ ‘ಅಲ್ಟ್ರಾ’ಕ್ಕೆ ಏರಿಸಿಕೊಂಡು ಬಂದ. ಆಕಾಶದಲ್ಲಿ ಚೆನ್ನಾಗಿಯೇ ಹಾರಿಸಿದ, ಇಳಿಯುವಾಗ ಪ್ರತಿ ಸಲ ವಿಮಾನ ಪುಟಿಯಿತು. ಬೈದು ನೋಡಿದೆ, ಸಮಾಧಾನದಿಂದ ಹೇಳಿ ನೋಡಿದೆ. ಕೊನೆಗೆ ಫ್ರೇಮ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಎಂದು ಎಣಿಸುವ ಅಂಕಿ ಪರದೆಯ ಮೂಲೆಗೆ ತಂದಾಗ ಗೊತ್ತಾಯಿತು: ಮೇಲೆ 35 ಇದ್ದದ್ದು ವಿಮಾನ ನಿಲ್ದಾಣದ ಕಟ್ಟಡಗಳು ಹತ್ತಿರವಾದಂತೆ 14ಕ್ಕೆ ಇಳಿಯುತ್ತಿತ್ತು, ನಡುನಡುವೆ ನಿಂತೇ ಹೋಗುತ್ತಿತ್ತು. ಸೆಸ್ನಾ 172 ಇಳಿಯುವ ವೇಗ ಸುಮಾರು 65 ನಾಟ್, ಸೆಕೆಂಡಿಗೆ 33 ಮೀಟರ್. ಅರ್ಧ ಸೆಕೆಂಡು ಚಿತ್ರ ನಿಂತರೆ ವಿಮಾನ 16 ಮೀಟರಿಗೂ ಹೆಚ್ಚು ಮುಂದೆ ಹೋಗಿ ಆಳೆತ್ತರದ ಅರ್ಧದಷ್ಟು ಕೆಳಗಿಳಿದಿರುತ್ತದೆ. ಹುಡುಗ ಕಂಡದ್ದಕ್ಕೆ ತಕ್ಕಂತೆ ಹಿಡಿಕೆ ಎಳೆಯುತ್ತಾನೆ, ಆದರೆ ಕಂಡದ್ದು ಹಳೆಯದು. ಚಿತ್ರ ಮತ್ತೆ ಹಾರಿದಾಗ ಜಾಸ್ತಿ ಎಳೆದೆ ಎಂದು ಒತ್ತುತ್ತಾನೆ. ಎಳೆ, ಒತ್ತು, ಎಳೆ, ಒತ್ತು. ಈ ತೂಗಾಟ ಕೈಗೆ ಅಭ್ಯಾಸವಾಗಿ ಕುಳಿತುಬಿಟ್ಟರೆ ನಿಜವಾದ ವಿಮಾನದಲ್ಲಿ ಬಿಡಿಸುವುದು ಯಾರು? ಸೆಟ್ಟಿಂಗ್ ಮಧ್ಯಮಕ್ಕೆ ಇಳಿಸಿ, ಫ್ರೇಮ್ 30ಕ್ಕೆ ಕಟ್ಟಿಹಾಕಿದೆ. 25ಕ್ಕೂ 50ಕ್ಕೂ ನಡುವೆ ಕುಣಿಯುವುದಕ್ಕಿಂತ ಗಟ್ಟಿಯಾಗಿ ನಿಂತ 30 ಮೇಲು. ಎರಡು ದಿನದಲ್ಲಿ ಪುಟಿಯುವುದು ನಿಂತಿತು.

ಯಂತ್ರ ತಾಳುವಷ್ಟು ಏರಿಸಿ ಎನ್ನುತ್ತಾರೆ. ಎಲ್ಲಿ ತಾಳುತ್ತದೆ ಎಂದು ನೋಡುವುದು? ಯಾಣದ ಕಾಡಿನ ಮೇಲೆ ತಾಳಿದ್ದು ದೊಡ್ಡ ಊರಿನ ನಿಲ್ದಾಣದಲ್ಲಿ ತಾಳುವುದಿಲ್ಲ. ನೆಲದ ವಿವರವನ್ನು ದೂರದವರೆಗೆ ಎಳೆಯುವ ಹೊರೆ ಬಹುಪಾಲು ಪ್ರೊಸೆಸರಿನ ಮೇಲೆ ಬೀಳುತ್ತದೆ, ಹಾಗಾಗಿ ಹೊಸ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿದವರೂ ಅಲ್ಲೇ ಸಿಕ್ಕಿಬೀಳುತ್ತಾರೆ. ಇನ್ನೊಂದು ನನಗೆ ನಿಜಕ್ಕೂ ನೋವು ಕೊಡುವ ವಿಷಯ. ಮೈಕ್ರೋಸಾಫ್ಟಿನ ಸಿಮ್ಯುಲೇಟರಿನಲ್ಲಿ ಕಾಕ್‌ಪಿಟ್ಟಿನ ಡಿಜಿಟಲ್ ಪರದೆಗಳು ಎಷ್ಟು ಬೇಗ ಬದಲಾಗಬೇಕು ಎಂಬುದಕ್ಕೂ ಒಂದು ಸೆಟ್ಟಿಂಗಿದೆ. ಹೊರಗಿನ ಮರಗಳನ್ನು ಉಳಿಸಿಕೊಳ್ಳಲು ಜನ ಅದನ್ನು ತಗ್ಗಿಸುತ್ತಾರೆ. ಎತ್ತರ, ವೇಗ ತೋರಿಸುವ ಪರದೆ ತಡವರಿಸುತ್ತದೆ, ಹೊರಗೆ ಎಲೆ ಎಲೆಯೂ ಹೊಳೆಯುತ್ತದೆ.

ನಿಜದಂತೆ ಕಾಣುವುದು ಎಂದರೆ ವಿವರವಷ್ಟೇ ಅಲ್ಲ, ಅಳತೆಯೂ ಹೌದು. 24 ಇಂಚಿನ ಮಾನಿಟರ್ 53 ಸೆಂಟಿಮೀಟರ್ ಅಗಲ. ಅರವತ್ತು ಸೆಂಟಿಮೀಟರ್ ದೂರ ಕುಳಿತರೆ ಅದು ಕಣ್ಣಿನಲ್ಲಿ ತುಂಬುವುದು 48 ಡಿಗ್ರಿಯಷ್ಟೇ. ಊರೆಲ್ಲ ಒಟ್ಟಿಗೆ ಕಾಣಲಿ ಎಂದು ನೋಟದ ಕೋನವನ್ನು 90ಕ್ಕೆ ಹಿಗ್ಗಿಸಿದರೆ ಎದುರಿನ ರನ್‌ವೇ ನಿಜವಾಗಿ ಕಾಣಬೇಕಾದ ಅರ್ಧಕ್ಕಿಂತ ಚಿಕ್ಕದಾಗುತ್ತದೆ. ಇನ್ನೂ ದೂರವಿದೆ ಎಂದುಕೊಂಡವನ ಚಕ್ರ ಆಗಲೇ ನೆಲಕ್ಕೆ ಬಡಿದಿರುತ್ತದೆ. ಡಾಂಬರಿನ ಒರಟು ಎಷ್ಟೇ ಚೆನ್ನಾಗಿ ಕಂಡರೂ ಈ ತಪ್ಪು ತಿದ್ದುವುದಿಲ್ಲ. ಲೆವೆಲ್ ಡಿ ಯಂತ್ರದ 176 ಡಿಗ್ರಿಯನ್ನು ಅವರು ತಮ್ಮ ಪರವಾಗಿ ತಂದರು. ಅದು ಅಗಲಕ್ಕೆ ಹಾಕಿದ ನಿಯಮ, ಮೇಜಿನ ಮೇಲಿನ ಒಂದು ಪರದೆಯಲ್ಲಿ ಅಲ್ಟ್ರಾ ಒತ್ತಿದರೆ ಬರುವಂಥದ್ದಲ್ಲ.

ಆ ಚಿತ್ರವಾದರೂ ನಿಜವೆ? ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲಿನಿಂದ ಕಾಣುವುದು ಮೋಡ. ಆದ್ದರಿಂದ ಉಪಗ್ರಹದ ಚಿತ್ರಗಳು ಬಹುತೇಕ ಬಾನು ತಿಳಿಯಾದ ತಿಂಗಳುಗಳವು. ನೀವು ಜುಲೈಯ ಮಳೆ ಹಾಕಿಕೊಂಡು ಬನವಾಸಿಯ ಮೇಲೆ ಹಾರಿದರೂ ಕೆಳಗೆ ಗದ್ದೆ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅಡಿಕೆ ತೋಟವಿದ್ದಲ್ಲಿ ಯಾವುದೋ ದೇಶದ ಮರ ನಿಂತಿರುತ್ತದೆ. ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿಯಿತು, ಅದಕ್ಕೂ ಮೊದಲಿನ ಚಿತ್ರದಲ್ಲಿ ಅದು ಗಟ್ಟಿಯಾಗಿ ನಿಂತಿದೆ. 2000ನೇ ಇಸವಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯಿಂದ ಅಳೆದ ಎತ್ತರದ ದತ್ತಾಂಶವನ್ನು ಅನೇಕ ಸಿಮ್ಯುಲೇಟರುಗಳು ಬಳಸುತ್ತವೆ. ಅದರಲ್ಲಿ ಸುಮಾರು 30 ಮೀಟರಿಗೊಂದು ಅಳತೆ. ಯಾಣದ ಭೈರವೇಶ್ವರ ಶಿಖರ 120 ಮೀಟರ್ ಎತ್ತರದ ಕಡಿದಾದ ಬಂಡೆ. ಇಷ್ಟು ಜಾಳು ಅಳತೆಯಲ್ಲಿ ಅದು ಒಂದು ದಿಬ್ಬ. ಮಂಜು ಮುಸುಕಿದ ಕಣಿವೆಯಲ್ಲಿ ಆ ದಿಬ್ಬದ ಮೇಲೆ ಸಲೀಸಾಗಿ ಹಾರಿ ಹೋದ ಹುಡುಗ ಏನು ಕಲಿತ? ಚಿತ್ರ ಒರಟಾಗಿದ್ದರೆ ಅವನು ಅದನ್ನು ನಂಬುತ್ತಿರಲಿಲ್ಲ, ನಕಾಶೆ ನೋಡುತ್ತಿದ್ದ.

ಎಡ್ವಿನ್ ಲಿಂಕ್ ಎಂಬವರು 1929ರಲ್ಲಿ ತಂದೆಯ ಆರ್ಗನ್ ವಾದ್ಯದ ಕಾರ್ಖಾನೆಯ ಗಾಳಿ ತಿದಿಗಳಿಂದ ಒಂದು ತರಬೇತಿ ಪೆಟ್ಟಿಗೆ ಕಟ್ಟಿದರು. ಮುಚ್ಚಳ ಹಾಕಿದರೆ ಒಳಗೆ ಕುಳಿತವನಿಗೆ ಹೊರಗಿನದು ಏನೂ ಕಾಣದು, ಎದುರಿಗೆ ಉಪಕರಣಗಳು ಮಾತ್ರ. 1934ರಲ್ಲಿ ಅಮೆರಿಕದ ಸೇನೆ ಅಂಚೆ ಸಾಗಿಸಲು ಹೋಗಿ ಕೆಟ್ಟ ಹವೆಯಲ್ಲಿ ಪೈಲಟ್‌ಗಳನ್ನು ಕಳೆದುಕೊಂಡಾಗ ಇಂಥ ಆರು ಪೆಟ್ಟಿಗೆ ಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಪೈಲಟ್‌ಗಳು ಅದರಲ್ಲಿ ಕಲಿತರು. ಮೋಡದೊಳಗೆ ಬದುಕಿಸುವ ವಿದ್ಯೆ ಬಂದದ್ದು ಹಾಗೆ.

ನಮ್ಮ ಕಡೆಯ ಕಷ್ಟವನ್ನೂ ಹೇಳಬೇಕು. ಶಿರಸಿ ಪೇಟೆಯಿಂದ ಹತ್ತು ಮೈಲಿ ಒಳಗೆ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೋ ಹೇಳಲಾಗದು, ನೆಟ್ಟಿನದೂ ಅದೇ ಕತೆ. ಚಿತ್ರವನ್ನೆಲ್ಲ ದೂರದಿಂದ ಎಳೆದು ತರುವ ಸಿಮ್ಯುಲೇಟರ್ ಇಲ್ಲಿಯ ಮಕ್ಕಳಿಗೆ ದಕ್ಕುವುದಿಲ್ಲ. ಕಿರಿಯವನು ಹಾರಿಸುವುದು ಉಚಿತವಾಗಿ ಸಿಗುವ ಫ್ಲೈಟ್‌ಗಿಯರ್. ಅಣ್ಣ ಬಿಟ್ಟ ಲ್ಯಾಪ್‌ಟಾಪಿನಲ್ಲಿ, ಎಲ್ಲ ತಳದ ಸೆಟ್ಟಿಂಗ್.

ಹೋದ ತಿಂಗಳು ಅವನಿಗೊಂದು ಪರೀಕ್ಷೆ ಇಟ್ಟೆ. ಹುಬ್ಬಳ್ಳಿಯಿಂದ ಹೊರಟು ದಾಬೋಲಿಂ ತಲುಪಬೇಕು. ಘಟ್ಟದ ಹತ್ತಿರ ಬಂದಾಗ ನಾನು ಹವೆ ಕೆಡಿಸಿದೆ, ಇಡೀ ಪರದೆ ಬಿಳಿಯಾಯಿತು. ಅವನು ಹೊರಗೆ ನೋಡುವುದನ್ನೇ ಬಿಟ್ಟ. ರೆಕ್ಕೆ ಮಟ್ಟ ಮಾಡಿ, ಎತ್ತರ ಏರಿಸಿ, ಗಡಿಯಾರ ನೋಡಿ ನಿಮಿಷ ಬರೆದುಕೊಂಡು, ಬಂದ ದಿಕ್ಕಿಗೆ ಸರಿಯಾಗಿ ತಿರುಗಿದ. “ಯಾಕೋ ತಿರುಗಿದೆ, ಇನ್ನೇನು ದಾಟಿಬಿಡುತ್ತಿದ್ದೆ” ಎಂದೆ. “ದೊಡ್ಡಪ್ಪ, ಮುಂದೆ ಗುಡ್ಡ ಎಷ್ಟು ಎತ್ತರ ಅಂತ ನಕಾಶೆಯಲ್ಲಿ ಇನ್ನೂ ನೋಡಿಲ್ಲ” ಎಂದ.