ಶ್ರೀರಂಗಪಟ್ಟಣದ ಕೋಟೆ, ಲಂಡನ್ನಿನ ಜಗಳ

ಕೋಟೆಗೋಡೆಯ ಮೇಲೆ ಟಿಪ್ಪು. ಕೆಳಗೆ ಕತ್ತೆಯೇರಿ ಓಡುತ್ತಿರುವ ಬ್ರಿಟಿಷ್ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್. ಟಿಪ್ಪು ಅವನ ಮೇಲೆ ಉಚ್ಚೆ ಹೊಯ್ಯುತ್ತಿದ್ದಾನೆ. ಲಂಡನ್ನಿನ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇಯ ಈ ಅಚ್ಚುಚಿತ್ರ ನೋಡಿ 'ಬ್ರಿಟಿಷರೇ ಟಿಪ್ಪುವಿಗೆ ತಲೆಬಾಗಿದರು' ಎಂದು ಹಿಗ್ಗುವುದು ಸುಲಭ. ನನ್ನ ಪ್ರಕಾರ ಅದು ತಪ್ಪು ಓದು.

ಮೊದಲು ಕೆಳಗಿನ ಅಂಚಿನ ಸಾಲು ನೋಡಿ: 1791ರ ಡಿಸೆಂಬರ್ 6, ಪ್ರಕಾಶಕಿ ಹಾನಾ ಹಂಫ್ರಿ. ಇಂಥ ಸಾಲು ಬರೀ ಅಲಂಕಾರವಲ್ಲ. ಅಚ್ಚುಚಿತ್ರಗಳ ಕುರಿತ 1735ರ ಬ್ರಿಟಿಷ್ ಕಾಯ್ದೆಯಂತೆ ನಕಲು ತಡೆಯುವ ಹಕ್ಕು ಉಳಿಯಬೇಕಾದರೆ ತಾರೀಖು, ಹೆಸರು ಅಚ್ಚಿನ ತಗಡಿನ ಮೇಲೇ ಇರಬೇಕಿತ್ತು. ಈಗ ಲೆಕ್ಕ ಹಾಕಿ. ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಳಿಯ ಅರಕೆರೆಯಲ್ಲಿ ಗೆದ್ದೂ, ಎತ್ತು ಸತ್ತು, ದವಸ ಮುಗಿದು, ಮಳೆ ಹಿಡಿದು, ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ಹಿಂದೆ ಸರಿದದ್ದು ಮೇ ತಿಂಗಳಲ್ಲಿ. ಸುದ್ದಿ ಹಡಗಿನಲ್ಲಿ ಹೋಗಬೇಕು. ಲಂಡನ್ ನಗುವ ಹೊತ್ತಿಗೆ ಟಿಪ್ಪುವಿನ ನಂದಿದುರ್ಗ ಬ್ರಿಟಿಷರ ಕೈಗೆ ಬಿದ್ದಾಗಿತ್ತು; ಡಿಸೆಂಬರ್ 21ಕ್ಕೆ ಸಾವನದುರ್ಗವೂ ಹೋಯಿತು.

ಸುದ್ದಿ ತಲುಪಿದ ಮೇಲೆ ಚಿತ್ರ ಅಚ್ಚು ಹಾಕುವ ಕೆಲಸ ಮಾತ್ರ ಬೇಗ. ತಾಮ್ರದ ತಗಡಿಗೆ ಮೇಣ, ರಾಳದ ಲೇಪ ಕೊಟ್ಟು, ಹೊಗೆಯಲ್ಲಿ ಕಪ್ಪು ಮಾಡಿ, ಸೂಜಿಯಿಂದ ಗೀರಿ, ನೀರು ಬೆರೆಸಿದ ನೈಟ್ರಿಕ್ ಆಮ್ಲ ಸುರಿಯುವುದು. ತೆಳು ಗೆರೆ ಸಾಕಾದಷ್ಟು ಕೊರೆದ ಕೂಡಲೇ ಅಲ್ಲಿಗೆ ವಾರ್ನಿಶ್ ಬಳಿದು, ದಪ್ಪ ಗೆರೆಗಳನ್ನು ಮತ್ತೆ ಆಮ್ಲಕ್ಕೆ ಒಡ್ಡುತ್ತಾರೆ. ತಗಡಿನಲ್ಲಿ ಜಿಡ್ಡು ಉಳಿದಿದ್ದರೆ ಲೇಪ ಏಳುತ್ತದೆ, ಆಮ್ಲ ಕೆಳಗೆ ನುಗ್ಗಿ ಬೇಡದ ಕಡೆ ಚುಕ್ಕೆ ಬೀಳುತ್ತದೆ. ಅಕ್ಷರವೆಲ್ಲ ತಿರುಗುಮುರುಗಾಗಿ ಬರೆಯಬೇಕು (ಗಿಲ್ರೇಯ ಚಿತ್ರಗಳಲ್ಲಿ ಎಷ್ಟು ಮಾತಿರುತ್ತದೆ ನೋಡಿದರೆ ತಲೆ ತಿರುಗುತ್ತದೆ!). ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಹಾಸಿ ಉರುಳೆ ಪ್ರೆಸ್ಸಿನಲ್ಲಿ ಒತ್ತುವುದು. ಬಣ್ಣ ಆಮೇಲೆ, ಒಂದೊಂದೇ ಪ್ರತಿಗೆ ಕೈಯಿಂದ. ಹಾಗಾಗಿ ಪ್ರತಿಯಿಂದ ಪ್ರತಿಗೆ ಅಂಗಿಯ ಬಣ್ಣ ಬೇರೆಯಾಗಬಹುದು. ಬಣ್ಣ ನೋಡಿ ಟಿಪ್ಪುವಿನ ಉಡುಪಿನ ಬಗ್ಗೆ ತೀರ್ಪು ಕೊಡಬೇಡಿ.

ಕೊಳ್ಳುವವರು ಹಣವಂತರು, ಉಳಿದವರಿಗೆ ಅಂಗಡಿಯ ಕಿಟಕಿ. ಅವರಿಗೆ ಬೇಕಿದ್ದದ್ದು ಮೈಸೂರಲ್ಲ, ತಮ್ಮ ಸರ್ಕಾರದ ಮಾನ ಹರಾಜಾಗುವುದು. 1783ರ ಡಿಸೆಂಬರ್‌ನಲ್ಲಿ ಇನ್ನೊಬ್ಬ ವ್ಯಂಗ್ಯಚಿತ್ರಕಾರ ಜೇಮ್ಸ್ ಸೇಯರ್ಸ್ ಮಾಡಿದ್ದೂ ಇದನ್ನೇ: ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಬದಲಿಸುವ ಇಂಡಿಯಾ ಮಸೂದೆ ತಂದ ಮಂತ್ರಿ ಫಾಕ್ಸ್‌ಗೆ ಪೂರ್ವದ ಖಾನನ ವೇಷ ತೊಡಿಸಿ, ಅವನ ಜೊತೆಯ ಮಂತ್ರಿ ಲಾರ್ಡ್ ನಾರ್ತ್‌ನ ಮುಖವಿರುವ ಆನೆಯ ಮೇಲೆ ಕೂರಿಸಿದ. ಅಲ್ಲಿ ನಮ್ಮ ಕಡೆಯ ಉಡುಪೇ ಒಂದು ಬೈಗುಳ.

1792ರಲ್ಲಿ ಟಿಪ್ಪು ಸೋತು ಒಪ್ಪಂದ ಮಾಡಿಕೊಂಡ. ಆ ಗೆಲುವಿನ ಸುದ್ದಿ ಬಂದಾಗಲೂ ಗಿಲ್ರೇ ಗೇಲಿ ಮಾಡಿದ್ದು ಸುದ್ದಿ ತಂದ ಮಂತ್ರಿ ಡುಂಡಾಸ್‌ನನ್ನು, ಕೇಳಿ ಹಿಗ್ಗಿದ ಬ್ರಿಟನ್ನಿನ ದೊರೆಯನ್ನು.