ಚಾಮುಂಡೇಶ್ವರಿಯ ಸೊನ್ನೆ

ನಿನ್ನೆ ಬೆಳಿಗ್ಗೆ ಸ್ಕೂಟರ್ ಕೀ ತೆಗೆಯಲು ಹೋಗಿ ನವಿಲಿನ ಕೊಕ್ಕು ಮುರಿದೆ.

ನವಿಲು ನಮ್ಮ ಬಾಗಿಲ ಪಕ್ಕದ ಗೋಡೆಯಲ್ಲಿದೆ. ಅಕ್ಕನ ಗಂಡ, ಅಂದರೆ ಭಾವ, ತೇಗದ ತುಂಡಿನಲ್ಲಿ ಕೊಯ್ದು ಮಾಡಿಕೊಟ್ಟಿದ್ದು. ಗರಿಗಳ ಕೆಳಗೆ ಐದು ಕೊಕ್ಕೆ, ಕೊಕ್ಕೆಗೊಂದು ಕೀ. ಅವಸರದಲ್ಲಿ ಎಳೆದೆ, ಗೊಂಚಲು ಕೊಕ್ಕಿಗೆ ಸಿಕ್ಕಿಕೊಂಡಿತು, ಟಿಕ್ ಅಂತ ಸಣ್ಣ ಸದ್ದು. ಮರದ ಎಳೆ ಉದ್ದಕ್ಕೆ ಇದ್ದರೆ ಇಷ್ಟು ಸುಲಭಕ್ಕೆ ಮುರಿಯಲ್ಲ, ಅಡ್ಡಕ್ಕೆ ಬಂದರೆ ಬಿಸ್ಕತ್ತಿನ ಹಾಗೆ ಹೋಗುತ್ತೆ ಅಂತ ಭಾವನೇ ಒಮ್ಮೆ ಅರ್ಧ ಗಂಟೆ ವಿವರಿಸಿದ್ದರು. ಅವರು ಹೇಳಿದ್ದರಲ್ಲಿ ನಾನು ಪ್ರಯೋಗ ಮಾಡಿ ಒಪ್ಪಿಕೊಂಡಿರುವುದು ಇದೊಂದೇ.

ಫೆವಿಕಾಲ್ ಹಚ್ಚಿದ ಕೊಕ್ಕನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು ಗೋಡೆಗೆ ಮುಖ ಮಾಡಿ ಹತ್ತು ನಿಮಿಷ ನಿಂತಿದ್ದೆ. ಆಗ ಹವ್ಯಾಸಗಳ ಬಗ್ಗೆ ನನಗೊಂದು ದೊಡ್ಡ ವಿಷಯ ಹೊಳೆಯಿತು. ಅದನ್ನು ಬರೆಯೋಕೇ ಈಗ ಕೂತಿದ್ದೇನೆ. ಇವತ್ತು ಭಾನುವಾರ, ಮಧ್ಯಾಹ್ನ ಅಕ್ಕ ಭಾವ ಊಟಕ್ಕೆ ಬರುತ್ತಾರೆ, ಅಷ್ಟರೊಳಗೆ ಮುಗಿಸಬೇಕು. ಆದರೆ ಮೊದಲು ಭಾವನ ವಿಷಯ ಸ್ವಲ್ಪ ಹೇಳದಿದ್ದರೆ ಆಗಲ್ಲ.

ಭಾವ ರಿಟೈರ್ ಆದ ಮೇಲೆ ಆರು ತಿಂಗಳು ಪೇಪರಿನ ಜೊತೆ ಜಗಳವಾಡಿದರು. ಆಮೇಲೆ ಒಂದು ದಿನ ಸ್ಕ್ರೋಲ್ ಸಾ ತಂದರು. ಹೊಲಿಗೆ ಮಷಿನ್ನು ಮತ್ತು ಗರಗಸ ಮದುವೆಯಾದರೆ ಹುಟ್ಟುವ ಮಗುವಿನ ಹಾಗಿದೆ ಅದು. ಗರಗಸ ನಿಂತಲ್ಲೇ ಮೇಲೆ ಕೆಳಗೆ ಕುಣಿಯುತ್ತೆ, ಮರವನ್ನು ನಾವು ತಿರುಗಿಸಬೇಕು. ಇಷ್ಟು ಸಾಕು. ಇದಕ್ಕಿಂತ ಜಾಸ್ತಿ ಬೇಕಾದವರು ಭಾವನ ಮನೆಗೆ ಹೋಗಬಹುದು. ಅವರು ಕಾಫಿ ಕೊಟ್ಟು ಹೇಳುತ್ತಾರೆ, ಬಿಡುವುದು ಮಾತ್ರ ಕತ್ತಲಾದ ಮೇಲೆ.

ಅಲ್ಲಿಂದ ನಮ್ಮ ಮನೆಗೆ ಸಾಮಾನು ಬರೋಕೆ ಶುರುವಾಯಿತು. ಈಗ ನಮ್ಮಲ್ಲಿ ಹನ್ನೊಂದು ಗಣಪತಿಗಳಿದ್ದಾರೆ. ಆಲದೆಲೆಯಲ್ಲಿ ಒಬ್ಬ, ಓಂಕಾರದಲ್ಲಿ ಒಬ್ಬ, ಲ್ಯಾಪ್‌ಟಾಪ್ ಮುಂದೆ ಒಬ್ಬ. ಗಣಪತಿಯನ್ನು ಕಸಕ್ಕೆ ಹಾಕುವ ಹಾಗಿಲ್ಲ. ಚೌತಿಗೆ ನೀರಿಗೆ ಬಿಡೋಣ ಅಂದರೆ ಮರ, ತೇಲುತ್ತಾನೆ. ಮೊಬೈಲ್ ಸ್ಟ್ಯಾಂಡ್ ಇದೆ, ನನ್ನ ಮೊಬೈಲ್ ಬಿಟ್ಟು ಎಲ್ಲರದ್ದೂ ಅದರಲ್ಲಿ ಕೂರುತ್ತೆ. ಗೋಡೆ ಗಡಿಯಾರದ ಸುತ್ತ ಬಳ್ಳಿ, ಬಳ್ಳಿಯ ತುಂಬ ತೂತು. ನಾನು ಲೆಕ್ಕ ಹಾಕಿದ್ದೇನೆ, 112 ತೂತು. ಒಂದೊಂದು ತೂತಿಗೂ ಮೊದಲು ಡ್ರಿಲ್ ಹಾಕಬೇಕು, ಬ್ಲೇಡಿನ ಒಂದು ತುದಿ ಬಿಚ್ಚಿ ಅದರೊಳಗೆ ತೂರಿಸಬೇಕು, ಮತ್ತೆ ಬಿಗಿ ಮಾಡಬೇಕು. ಬಿಗಿ ಸರಿಯಾಯಿತೇ ಅಂತ ಭಾವ ಬ್ಲೇಡನ್ನು ಬೆರಳಲ್ಲಿ ಮೀಟಿ ಕಿವಿಗೊಟ್ಟು ಕೇಳುತ್ತಾರೆ. 'ಶ್ರುತಿ ಸೇರಬೇಕು' ಅನ್ನುತ್ತಾರೆ. 112 ಸಲ ಶ್ರುತಿ ಸೇರಿಸಿದ ಆ ತಾಳ್ಮೆಗೆ ನಾನು ಕೈ ಮುಗಿಯುತ್ತೇನೆ. ಆದರೆ ಆ ತೂತುಗಳಲ್ಲಿ ಕೂರುವ ಧೂಳನ್ನು ಯಾರು ತೆಗೆಯಬೇಕು ಅಂತ ಕೊರೆಯುವವರು ಒಮ್ಮೆಯಾದರೂ ಯೋಚನೆ ಮಾಡಬೇಡವೇ? ನಮ್ಮ ಮನೆಯಲ್ಲಿ ಅದಕ್ಕೆಂದೇ ಒಂದು ಹಳೆ ಟೂತ್‌ಬ್ರಶ್ ಇದೆ. ಅದನ್ನು ಹಿಡಿದು ಸ್ಟೂಲ್ ಮೇಲೆ ನಿಲ್ಲುವವನು ನಾನು.

ಕರ್ನಾಟಕದ ನಕ್ಷೆಯೂ ಬಂತು. ಜಿಲ್ಲೆ ಜಿಲ್ಲೆ ಬೇರೆ ಮಾಡಿ ಮತ್ತೆ ಜೋಡಿಸುವ ಆಟ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬಾತ ಮಕ್ಕಳಿಗೆ ಭೂಗೋಳ ಕಲಿಸಲು ನಕ್ಷೆಯನ್ನು ಹಲಗೆಗೆ ಅಂಟಿಸಿ ದೇಶಗಳ ಗಡಿ ಹಿಡಿದು ಕೊಯ್ದಿದ್ದನಂತೆ, ಭಾವ ಅದನ್ನೂ ಹೇಳಿದರು. ಮಗಳು ಐದೇ ನಿಮಿಷಕ್ಕೆ ಜೋಡಿಸಿ, 'ಮಾವ, ವಿಜಯನಗರ ಎಲ್ಲಿ?' ಅಂದಳು. ಭಾವನಿಗೆ ಸಿಕ್ಕಿದ್ದು 30 ಜಿಲ್ಲೆಯ ಹಳೆ ನಕ್ಷೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಗಿದ್ದು ಅದಕ್ಕೆ ಗೊತ್ತಿರಲಿಲ್ಲ. ಮಾತಾಡದೆ ಬಳ್ಳಾರಿಯನ್ನು ಜೇಬಿಗೆ ಹಾಕಿಕೊಂಡು ಹೋದರು, ಮಾರನೆ ದಿನ ಎರಡು ಮಾಡಿ ತಂದರು. ಗರಗಸದ ಬಾಯಿಗೆ ಹೋದಷ್ಟು ಮರ ಎರಡಕ್ಕೂ ಕಡಿಮೆ ಬಿದ್ದಿದೆ. ಅವೆರಡು ಜಿಲ್ಲೆ ಇವತ್ತಿಗೂ ಲೊಡಲೊಡ ಅನ್ನುತ್ತವೆ.

ಇದೆಲ್ಲ ಇರಲಿ. ಹೇಳಬೇಕಾದ್ದು ಗೇಟಿನ ಬೋರ್ಡಿನ ಕಥೆ.

ನಮ್ಮ ಮನೆಯ ಹೆಸರು 'ಶ್ರೀ ಚಾಮುಂಡೇಶ್ವರಿ ಕೃಪೆ'. ಅಪ್ಪ ಸಾಲ ಮಾಡಿ ಕಟ್ಟಿಸಿದ ಮನೆ, ಸಾಲ ತೀರಿದ ವರ್ಷ ಇಟ್ಟ ಹೆಸರು. ಮೈಸೂರಿನಲ್ಲಿ ಈ ಹೆಸರಿನ ಮನೆ ಬೀದಿಗೆ ಎರಡು ಸಿಗುತ್ತೆ. ಗೇಟಿನ ಕಲ್ಲಿನ ಮೇಲೆ ಬರೆಸಿದ್ದ ಬಣ್ಣ ಮಾಸಿತ್ತು. ಅದನ್ನು ಭಾವ ನೋಡಿದರು. ನನ್ನ ತಪ್ಪು, ಅವರು ನೋಡುವ ಮೊದಲೇ ಪೇಂಟರನ್ನು ಕರೆಸಬೇಕಿತ್ತು.

ಮೊದಲ ಪ್ರಯತ್ನದಲ್ಲಿ ಹಲಗೆಯಲ್ಲಿ ಅಕ್ಷರದ ಆಕಾರಕ್ಕೆ ತೂತು ಮಾಡಿ, ಹಿಂದೊಂದು ಬಲ್ಬ್ ಇಟ್ಟು, ರಾತ್ರಿ ಹೆಸರು ಹೊಳೆಯುವ ಹಾಗೆ ಮಾಡುವ ಯೋಜನೆ. ನಾನೂ ನೋಡಲು ಹೋಗಿದ್ದೆ. ಅಕ್ಷರಗಳನ್ನು ಪ್ರಿಂಟ್ ತೆಗೆದು ಪ್ಲೈವುಡ್‌ಗೆ ಅಂಟಿಸಿ, ಮರ ಸುಡದಿರಲಿ ಅಂತ ಮೇಲೆ ಪ್ಯಾಕಿಂಗ್ ಟೇಪ್ ಹಾಕಿದ್ದರು. ಭಾವ ಸೊನ್ನೆಯ ಒಳಗೆರೆ ಹಿಡಿದು ಹೊರಟರು. ಉಸಿರು ಬಿಗಿ ಹಿಡಿದಿದ್ದರು, ನಾಲಿಗೆಯ ತುದಿ ಒಂದು ಕಡೆಗೆ ಬಂದಿತ್ತು. ಮರದ ಪುಡಿ ಕನ್ನಡಕದ ಮೇಲೆ ಕೂರುತ್ತಿತ್ತು. ಸುತ್ತು ಮುಗಿಯಿತು. ಎಂಟಾಣೆಯಷ್ಟು ಅಗಲದ ಒಂದು ಬಿಲ್ಲೆ ಟಪ್ ಅಂತ ಕೆಳಗೆ ಬಿತ್ತು, ಉರುಳಿ ನನ್ನ ಕಾಲ ಹತ್ತಿರ ಬಂತು. ನಾನು ಸುಮ್ನೆ ಎತ್ತಿ ಜೇಬಿಗೆ ಹಾಕಿಕೊಂಡೆ.

ಆಮೇಲೆ ಹೊರಗೆರೆಯನ್ನೂ ಕೊಯ್ದರು. ಆಗ ಇಬ್ಬರಿಗೂ ಗೊತ್ತಾಯಿತು. ಸೊನ್ನೆಯ ಹೊಟ್ಟೆ ನನ್ನ ಜೇಬಿನಲ್ಲಿದೆ, ಹಲಗೆಯಲ್ಲಿ ಉಳಿದಿದ್ದು ಒಂದು ದೊಡ್ಡ ತೂತು. ದೇವಿಯ ಹೆಸರಿನ ನಡುವೆ ಇಲಿ ಬಿಲ ತೋಡಿದ ಹಾಗೆ. ಒಳಗಿನ ಬಿಲ್ಲೆ ನಿಲ್ಲಬೇಕಾದರೆ ಮೇಲೊಂದು ಕೆಳಗೊಂದು ಸೇತುವೆ ಬಿಡಬೇಕು. ಸೇತುವೆ ಬಿಟ್ಟರೆ ಸೊನ್ನೆ ಸೊನ್ನೆಯಾಗಿ ಉಳಿಯಲ್ಲ, ಎರಡು ಕಂಸ ಎದುರು ಬದುರು ನಿಂತ ಹಾಗೆ ಕಾಣುತ್ತೆ.

ಎರಡನೆಯ ಪ್ರಯತ್ನ ತಿರುಗಾಮುರುಗಾ. ಈ ಸಲ ಅಕ್ಷರಗಳನ್ನೇ ಕೊಯ್ದು ಬಿಡಿಸಿ, ಹಿಂದೊಂದು ಪಟ್ಟಿ ಹಾಕಿ ನಿಲ್ಲಿಸುವುದು. ಇಲ್ಲಿ ಶುರುವಾಯಿತು ಕನ್ನಡದ ಕಾಟ. ಹಿಂದಿಯವರಿಗೆ ಎಷ್ಟು ಸುಖ ನೋಡಿ. ತಲೆಯ ಮೇಲೊಂದು ಗೆರೆ ಎಳೆದಿದ್ದಾರೆ, ಎಲ್ಲ ಅಕ್ಷರಗಳೂ ಒಣಹಾಕಿದ ಬಟ್ಟೆಯ ಹಾಗೆ ಅದಕ್ಕೆ ನೇತುಬಿದ್ದಿರುತ್ತವೆ. ಇಂಗ್ಲಿಷನ್ನು ಕೂಡಿಸಿ ಬರೆದರೆ ಒಂದರ ಬಾಲ ಇನ್ನೊಂದರ ಕೈಯಲ್ಲಿ, ಬಿದ್ದರೆ ಐ ಮೇಲಿನ ಚುಕ್ಕೆ ಬೀಳಬೇಕು ಅಷ್ಟೇ. ನಮ್ಮದರಲ್ಲಿ ಯಾರೂ ಯಾರ ಕೈಯನ್ನೂ ಹಿಡಿಯಲ್ಲ. ಸೊನ್ನೆ ಒಂಟಿ. ಒತ್ತಕ್ಷರ ಬಾಡಿಗೆದಾರನ ಹಾಗೆ ಕೆಳಗಿನ ಮನೆಯಲ್ಲಿ, ಮೇಲಿನವರ ಜೊತೆ ಮಾತಿಲ್ಲ. ಇಂಥ ಲಿಪಿಯಲ್ಲಿ ಶ್ರೀಗೆ ಕ್ರಾವಡಿ, ಶ್ವಕ್ಕೆ ವ ಒತ್ತು, ಕೃಗೆ ವಟ್ರಸುಳಿ. ಅಪ್ಪ ಒಂದನ್ನೂ ಬಿಟ್ಟಿರಲಿಲ್ಲ.

ಭಾವ ಎಲ್ಲವನ್ನೂ ಕೊಯ್ದು, ಉಪ್ಪುಕಾಗದ ಹಾಕಿ ಉಜ್ಜಿ, ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು ಮಲಗಲು ಹೋದರು. ಬೆಳಿಗ್ಗೆ ಅಕ್ಕ ಮೇಜು ಒರೆಸಿದಳು. ಅವಳನ್ನು ನಾನು ಬೈಯಲ್ಲ. ಅವಳ ಮನೆಯಲ್ಲಿ ಅವಲಕ್ಕಿ ಡಬ್ಬದಲ್ಲೂ ಮರದ ಪುಡಿ ಇರುತ್ತೆ. 'ಇವರು ಕೊಯ್ಯೋದು ಒಂದು ಬೋರ್ಡು, ನಾನು ಗುಡಿಸೋದು ಒಂದು ಕಾಡು' ಅಂತಾಳೆ. ಆ ದಿನ ಗುಡಿಸಿದ್ದರಲ್ಲಿ ವ ಒತ್ತು ಮತ್ತು ವಟ್ರಸುಳಿ ಹೋದವು. ಮೇಜಿನ ಮೇಲೆ ಉಳಿದಿದ್ದು 'ಚಾಮುಂಡೇಶರಿ ಕಪೆ'. ಇನ್ನೊಂದು ಪ ಒತ್ತು ಎಲ್ಲಿಂದಾದರೂ ಬಂದು ಸೇರಿದ್ದರೆ ನಮ್ಮ ಮನೆ ಕಪ್ಪೆಯಾಗುತ್ತಿತ್ತು.

ಆಗಲೇ ಭಾವ ಆ ಮಾತು ಹೇಳಿದ್ದು.

'ಅಲ್ಲಪ್ಪಾ, ಮನೆಗೆ ಬೇರೆ ಹೆಸರು ಇಡೋಕಾಗಲ್ವಾ? ಕಮಲ ಅಂತ ಇಡು. ಒತ್ತಿಲ್ಲ, ಸೊನ್ನೆ ಇಲ್ಲ, ದೀರ್ಘ ಇಲ್ಲ. ಬೆಳಿಗ್ಗೆ ಶುರು ಮಾಡಿದ್ರೆ ಊಟದ ಹೊತ್ತಿಗೆ ಕೈಗೆ ಕೊಡ್ತೀನಿ.'

'ಕಮಲ ಯಾರು?' ಅಂದಳು ನನ್ನ ಹೆಂಡತಿ.

ನಾನು ನಗಬೇಕಿತ್ತು. ನಗಲಿಲ್ಲ. ಅಪ್ಪ ಇಟ್ಟ ಹೆಸರನ್ನು ನಿಮ್ಮ ಗರಗಸಕ್ಕೆ ಅನುಕೂಲ ಆಗಲಿ ಅಂತ ಬದಲಾಯಿಸಬೇಕಾ, ಬೋರ್ಡು ಬೇಕು ಅಂತ ನಾನು ಕೇಳಿದ್ದೆನಾ ಅಂತ ಸ್ವಲ್ಪ ಜೋರಾಗಿಯೇ ಅಂದುಬಿಟ್ಟೆ. ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಹದಿನೈದು ದಿನ ಫೋನಿಲ್ಲ, ಗಣಪತಿಯೂ ಇಲ್ಲ. ಮನೆ ಶಾಂತವಾಗಿತ್ತು. ಸುಳ್ಳು ಯಾಕೆ ಹೇಳಲಿ, ಎಂಟು ದಿನ ಹಾಯಾಗಿತ್ತು. ಆಮೇಲಿನ ಏಳು ದಿನ ಅಷ್ಟು ಹಾಯಾಗಿರಲಿಲ್ಲ.

ರಾಜಿಗೆ ಅಂತ ಅವರನ್ನು ಮಂಡಿ ಮೊಹಲ್ಲಾ ಕಡೆ ಒಂದು ಇನ್‌ಲೇ ಕೆಲಸದ ಅಂಗಡಿಗೆ ಕರೆದುಕೊಂಡು ಹೋದೆ. ಅರಮನೆಯಲ್ಲಿ ಅಂಬಾವಿಲಾಸದ ಬೀಟೆ ಬಾಗಿಲಲ್ಲಿ ದಂತ ಕೂರಿಸಿದ್ದಾರಲ್ಲ, ಅದೇ ಕೆಲಸ. ಈಗ ದಂತ ಇಲ್ಲ, ಬಣ್ಣವನ್ನೂ ಹಚ್ಚಲ್ಲ, ಹಳದಿ ಬೇಕಾದರೆ ಹಲಸು, ಕಪ್ಪು ಬೇಕಾದರೆ ಬೀಟೆ, ಮರದ ಬಣ್ಣವೇ ಬಣ್ಣ. ಒಳಗೆ ಒಬ್ಬರು ವಯಸ್ಸಾದವರು ಕಿಟಕಿಯ ಬೆಳಕಿಗೆ ಕೂತು ಕೈ ಗರಗಸದಲ್ಲಿ ಆನೆಯ ಕಿವಿ ಕೊಯ್ಯುತ್ತಿದ್ದರು. ಮೋಟಾರಿಲ್ಲ. ಮುಂದೆ ಸೀಳು ಬಿಟ್ಟ ಒಂದು ಹಲಗೆ, ಅದರ ಮೇಲೆ ತೆಳುವಾದ ಮರ, ಬ್ಲೇಡು ದಾರದಷ್ಟು. ಕೊಯ್ದ ಕಿವಿಯನ್ನು ಬೀಟೆಯಲ್ಲಿ ತೋಡಿದ ಗುಂಡಿಗೆ ಇಟ್ಟು ಹೆಬ್ಬೆರಳಲ್ಲಿ ಒತ್ತಿದರು. ಕೂತಿತು. ಉಗುರು ಆಡಿಸಿದರೂ ಸಂದು ಸಿಗಲಿಲ್ಲ.

ಭಾವ ಮೊಬೈಲಿನಲ್ಲಿ ತಮ್ಮ ಗಣಪತಿಗಳನ್ನು ತೋರಿಸಿದರು. ಅವರು ಕನ್ನಡಕ ಏರಿಸಿ ಎಲ್ಲವನ್ನೂ ನೋಡಿದರು.

'ಚೆನ್ನಾಗಿದೆ ಸಾರ್. ಏನು ರೇಟು?'

'ಛೇ, ರೇಟಿಲ್ಲ. ಎಲ್ಲರಿಗೂ ಸುಮ್ನೆ ಕೊಡೋದು.'

'ಪುಕ್ಕಟೆ?' ಅಂದರು ಅವರು. ಗರಗಸ ಒಂದು ಕ್ಷಣ ನಿಂತಿತು. ಆಮೇಲೆ ಆನೆಯ ಇನ್ನೊಂದು ಕಿವಿಗೆ ಹೋದರು.

ನಾನು ಒಂದು ಚಿಕ್ಕ ಆನೆ ಕೊಂಡೆ. ಚೌಕಾಶಿ ಮಾಡಲಿಲ್ಲ. ದಾರಿಯುದ್ದಕ್ಕೂ ಭಾವ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ 'ಹಿಂದೆ ಪೂರ್ತಿ ಹಲಗೆ ಕೊಟ್ರೆ ಯಾವ ಒತ್ತೂ ಬೀಳಲ್ಲ ಅಲ್ವಾ' ಅಂದರು. ಎರಡು ತಿಂಗಳ ಸಮಸ್ಯೆ ಹಾಗೆ ಬಗೆಹರಿಯಿತು. ಈಗ ಗೇಟಿನಲ್ಲಿ ಬೋರ್ಡಿದೆ. ಕಳೆದುಹೋದ ಎರಡು ಒತ್ತು ಮಾತ್ರ ಹಲಸಿನ ಮರದ್ದು, ಹತ್ತಿರ ಹೋದರೆ ಅವೆರಡೇ ಹಳದಿಯಾಗಿ ಕಾಣುತ್ತವೆ. ನೋಡಿದವರು ಅದೇನೋ ಡಿಸೈನ್ ಅಂದುಕೊಂಡಿದ್ದಾರೆ.

ಈಗ ಆ ದೊಡ್ಡ ವಿಷಯಕ್ಕೆ ಬರುತ್ತೇನೆ.

ಬರುತ್ತಿದ್ದೆ, ಅಷ್ಟರಲ್ಲಿ ಬೆಲ್ಲಾಯಿತು. ಭಾವ ಒಳಗೆ ಬಂದರು. ನವಿಲಿನ ಮುಂದೆಯೇ ಹಾದುಬಂದರು, ನೋಡಲಿಲ್ಲ. ಅಂಟಿಸಿದ ಮೇಲೆ ಕೊಕ್ಕು ಸ್ವಲ್ಪ ಕೆಳಗೆ ಬಾಗಿದೆ, ಈಗ ಅದು ಗಿಳಿಯ ಹಾಗಿದೆ. ನಾನು ಬರೆಯುತ್ತಿದ್ದ ಮೇಜಿನ ಹತ್ತಿರ ಬಂದು 'ಏನು ಬರೀತಿದೀಯ?' ಅಂತ ಬಗ್ಗಿದರು. 'ಏನಿಲ್ಲ ಭಾವ' ಅಂತ ಹಾಳೆ ಮುಚ್ಚಿದೆ. ಪೆನ್ನು ಕೆಳಗೆ ಬಿತ್ತು. ಎತ್ತಿಕೊಡಲು ಅವರೇ ಕೂತರು. ಕೂತವರು ಏಳಲಿಲ್ಲ.

'ಅರೆ! ಇದು ನನ್ನ ಸೊನ್ನೆ ಅಲ್ವಾ?'

ಮೇಜಿನ ಒಂದು ಕಾಲು ಗಿಡ್ಡ. ಅವತ್ತು ಜೇಬಿಗೆ ಹಾಕಿಕೊಂಡ ಬಿಲ್ಲೆಯನ್ನು ಮನೆಗೆ ಬಂದು ಅದರ ಕೆಳಗೆ ಇಟ್ಟಿದ್ದೆ. ಅಳತೆ ತೆಗೆದು ಮಾಡಿದ ಹಾಗೆ ಕೂತಿತ್ತು. ನವಿಲೊಂದನ್ನು ಬಿಟ್ಟರೆ ಭಾವ ಕೊಟ್ಟ ಸಾಮಾನುಗಳಲ್ಲಿ ಈ ಮನೆಯಲ್ಲಿ ದಿನಾ ಉಪಯೋಗಕ್ಕೆ ಬರುತ್ತಿದ್ದದ್ದು ಅದೊಂದೇ, ಅದೂ ಅವರು ಕೊಟ್ಟದ್ದಲ್ಲ.

ಅವರು ಮೇಜು ಎತ್ತಿ ಬಿಲ್ಲೆ ಎಳೆದುಕೊಂಡರು. ಕಿಟಕಿಯ ಹತ್ತಿರ ಹೋಗಿ ಅಂಚನ್ನು ಬೆರಳಲ್ಲಿ ಸುತ್ತಲೂ ಸವರಿ ನೋಡಿದರು.

'ನೋಡು, ಎಷ್ಟು ದುಂಡಗಿದೆ. ಇಷ್ಟು ದುಂಡಗೆ ನಾನು ಮತ್ತೆ ಕೊಯ್ದೇ ಇಲ್ಲ ಕಣಪ್ಪಾ.'

ಶರ್ಟಿನ ಜೇಬಿಗೆ ಹಾಕಿಕೊಂಡರು. ನನಗೆ ಕೇಳಲು ಬಾಯಿ ಬರಲಿಲ್ಲ. ಈಗ ಮೇಜು ಆಡುತ್ತಿದೆ, ಪೇಪರ್ ಮಡಚಿಟ್ಟರೂ ನಿಲ್ಲುತ್ತಿಲ್ಲ, ಅಕ್ಷರಗಳು ಸಾಲು ಬಿಟ್ಟು ಹೋಗುತ್ತಿವೆ. ಕೆಳಗೆ ಭಾವ ಟೇಪ್ ಹಿಡಿದು ಕೂತಿದ್ದಾರೆ. ನಾಲ್ಕು ಕಾಲಿಗೆ ನಾಲ್ಕು ಆಮೆ ಮಾಡಿಕೊಡುತ್ತಾರಂತೆ, ಕೂರ್ಮಾವತಾರ. ಚಿಪ್ಪಿನ ಮೇಲೆ ತೂತಿನ ಡಿಸೈನ್ ಬರುತ್ತಂತೆ.

'ಆ ಕಡೆ ಕಾಲು ಸ್ವಲ್ಪ ಎತ್ತಪ್ಪಾ' ಅನ್ನುತ್ತಿದ್ದಾರೆ.